ತೀರ್ಥಕ್ಕೆ ಬಸ್ಸು ಬಿಡುವ ಸರ್ಕಾರ, ಜಗಳಕ್ಕೆ ನಿಷೇಧಾಜ್ಞೆ ಹಾಕುವ ಸರ್ಕಾರ

ಅಕ್ಟೋಬರ್ ಮಧ್ಯಕ್ಕೆ ಬಂದರೆ ಮಡಿಕೇರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಈ ಸಲ ತೀರ್ಥ ಎಷ್ಟು ಗಂಟೆಗೆ? ತುಲಾ ಸಂಕ್ರಮಣದ ದಿನ ತಲಕಾವೇರಿಯ ಕುಂಡಿಕೆಯಲ್ಲಿ ಕಾವೇರಿ ಉಕ್ಕುವ ಗಳಿಗೆಯನ್ನು ಪಂಚಾಂಗ ನೋಡಿ ಲೆಕ್ಕ ಹಾಕುತ್ತಾರೆ. ಅದು ಮಟಮಟ ಮಧ್ಯಾಹ್ನಕ್ಕೂ ಬೀಳಬಹುದು, ನಡುರಾತ್ರಿಗೂ ಬೀಳಬಹುದು. ಗಂಟೆ ಮಾತ್ರ ಅಲ್ಲ, ನಿಮಿಷವೂ ಗೊತ್ತಾಗುತ್ತದೆ. ನಿಮಿಷ ಗೊತ್ತಾದ ಕೂಡಲೇ ಸರ್ಕಾರ ಎದ್ದು ನಿಲ್ಲುತ್ತದೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಭೆ. ಭಾಗಮಂಡಲದಿಂದ ಬೆಟ್ಟಕ್ಕೆ ಎಷ್ಟು ಬಸ್ಸು, ಪಾರ್ಕಿಂಗ್ ಎಲ್ಲಿ, ಬ್ಯಾರಿಕೇಡ್ ಎಲ್ಲಿಂದ ಎಲ್ಲಿಗೆ, ಕುಡಿಯುವ ನೀರು, ಆಂಬುಲೆನ್ಸ್, ಲೈಟು. ಉಸ್ತುವಾರಿ ಸಚಿವರು ಬರುತ್ತಾರೆ, ಎಸ್ಪಿ ಬರುತ್ತಾರೆ. ತೀರ್ಥ ಉಕ್ಕುತ್ತದೆ. ಬಿಂದಿಗೆ, ಬಾಟಲಿ, ಕ್ಯಾನುಗಳಲ್ಲಿ ತುಂಬಿಕೊಂಡು ಜನ ಇಳಿಯುತ್ತಾರೆ. ಹೋಗಲಾಗದವರ ಮನೆಗೂ ಯಾರಾದರೊಬ್ಬರು ಒಂದು ಬಾಟಲಿ ತಲುಪಿಸುತ್ತಾರೆ.

ಇದೆಲ್ಲ ನಡೆಯುವಾಗ ಯಾರೂ ಕೇಳುವುದಿಲ್ಲ: ಜಾತ್ಯತೀತ ದೇಶದ ಸರ್ಕಾರ ಒಂದು ನದಿಯ ಪೂಜೆಗೆ ಬಸ್ಸು ಯಾಕೆ ಬಿಡಬೇಕು ಅಂತ. ಕೇಳಿದರೆ ಮಂಕು ಹಿಡಿದಿದೆಯಾ ಅನ್ನುತ್ತಾರೆ. ಸರಿಯೇ. ಸಾವಿರಾರು ಜನ ಒಂದು ಕಡಿದಾದ ಬೆಟ್ಟಕ್ಕೆ ಒಂದೇ ಹೊತ್ತಿಗೆ ಹತ್ತುವಾಗ ರಸ್ತೆ ನೋಡಿಕೊಳ್ಳುವುದು ಪೂಜೆ ಅಲ್ಲ, ಆಡಳಿತ.

2024ರ ಡಿಸೆಂಬರ್ ಕೊನೆಯಲ್ಲಿ ಇದೇ ಜಿಲ್ಲೆಯ ಕಟ್ಟೆಮಾಡಿನಲ್ಲಿ ಸರ್ಕಾರದ ಇನ್ನೊಂದು ಮುಖ ಕಂಡಿತು. ಅಲ್ಲಿನ ಮಹಾಮೃತ್ಯುಂಜಯ ದೇವಸ್ಥಾನಕ್ಕೆ ಕೊಡವರು ತಮ್ಮ ಸಾಂಪ್ರದಾಯಿಕ ಉಡುಪಾದ ಕುಪ್ಯ-ಚೇಲೆ ತೊಟ್ಟು ಬರಬಹುದೇ ಬೇಡವೇ ಎಂಬ ವಿಷಯಕ್ಕೆ ಜಗಳವಾಯಿತು. ಗುಡಿಯ ನಿಯಮಾವಳಿಯಾದ ಬೈಲಾದಲ್ಲಿ ಅವಕಾಶ ಇಲ್ಲ ಎಂದರು ಒಂದು ಕಡೆಯವರು. ಇದು ನಮ್ಮ ಉಡುಪು, ದೇವರ ಮುಂದೆ ತೊಡದೆ ಇನ್ನೆಲ್ಲಿ ತೊಡಬೇಕು ಎಂದರು ಇನ್ನೊಂದು ಕಡೆಯವರು. ಮಾತು ಕೈಗೆ ಹೋಗುವ ಹೊತ್ತಿಗೆ ಜಿಲ್ಲಾಡಳಿತ ನಿಷೇಧಾಜ್ಞೆ ಹಾಕಿತು. ಗುಂಪು ಸೇರಬೇಡಿ, ಎಲ್ಲರೂ ಮನೆಗೆ ಹೋಗಿ.

ಧರ್ಮ ಮತ್ತು ಸರ್ಕಾರದ ಸಂಬಂಧದ ಬಗ್ಗೆ ನಮ್ಮ ದೊಡ್ಡ ಚರ್ಚೆಗಳೆಲ್ಲ ದೆಹಲಿಯ ಮಟ್ಟದಲ್ಲಿ ನಡೆಯುತ್ತವೆ. ಕೊಡಗಿನಂಥ ಜಾಗದಲ್ಲಿ ಅದು ತೀರ್ಮಾನವಾಗುವುದು ಬಸ್ಸಿನ ಪಟ್ಟಿಯಲ್ಲಿ, ಬೈಲಾದ ಒಂದು ಸಾಲಿನಲ್ಲಿ, ಅನುದಾನದ ಕಡತದಲ್ಲಿ. ಇಲ್ಲಿ ಸರ್ಕಾರ ವ್ಯವಸ್ಥೆ ಮಾಡುವವನಾಗಿ ನಿಂತಾಗ ಸಾಮಾನ್ಯವಾಗಿ ಎಲ್ಲ ಸರಿ ಹೋಗಿದೆ. ಹಬ್ಬದ ಯಜಮಾನ ಆಗಲು ಹೋದಾಗ ಕೆಟ್ಟಿದೆ. ಇನ್ನೊಂದು ಮಾತನ್ನು ನಾವು ಅಷ್ಟಾಗಿ ಆಡುವುದಿಲ್ಲ. ಎರಡು ಪದ್ಧತಿಗಳು ಢಿಕ್ಕಿ ಹೊಡೆದಾಗ ಸರ್ಕಾರ ತೀರ್ಮಾನ ಮಾಡದೆ ತಪ್ಪಿಸಿಕೊಂಡರೂ ಕೆಡುತ್ತದೆ.

ಮೊದಲು ಪದದ ಗೊಂದಲವನ್ನೇ ನೋಡಿ. ಕನ್ನಡದಲ್ಲಿ ಸೆಕ್ಯುಲರ್ ಎಂಬುದಕ್ಕೆ ಮೂರು ಮಾತಿವೆ. ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ. ಮೂರನ್ನೂ ಒಂದೇ ಅರ್ಥಕ್ಕೆ ಬಳಸುತ್ತೇವೆ, ಆದರೆ ಮೂರೂ ಬೇರೆ. ಜಾತ್ಯತೀತ ಅಂದರೆ ಜಾತಿ ಮೀರಿದ್ದು. ಊರ ಮಾತಿನಲ್ಲಿ ಜಾತಿ ಅಂದರೆ ಧರ್ಮವೂ ಹೌದು, ಹಾಗಾಗಿ ಪದ ಉಳಿದುಕೊಂಡಿತು. ಧರ್ಮನಿರಪೇಕ್ಷ ಅಂದರೆ ಧರ್ಮದ ಗೊಡವೆ ಬೇಡ ಅಂತ. ಸಮಭಾವ ಅಂದರೆ ಎಲ್ಲರ ಗೊಡವೆಯೂ ಇರಲಿ, ಸಮನಾಗಿರಲಿ ಅಂತ. ಗೊಡವೆ ಬೇಡ ಅನ್ನುವವನು ತಲಕಾವೇರಿಗೆ ಬಸ್ಸು ಬಿಡುವುದಿಲ್ಲ. ಸಮಭಾವದವನು ತಲಕಾವೇರಿಗೂ ಬಿಡುತ್ತಾನೆ, ಎಮ್ಮೆಮಾಡಿನ ಉರೂಸ್‌ಗೂ ಪೊಲೀಸರನ್ನು ಕಳಿಸುತ್ತಾನೆ. ನಮ್ಮ ಸರ್ಕಾರ ಬೋರ್ಡಿನಲ್ಲಿ ಮೊದಲನೆಯದು, ಭಾಷಣದಲ್ಲಿ ಎರಡನೆಯದು, ಕೆಲಸದಲ್ಲಿ ಮೂರನೆಯದು.

ಸಂವಿಧಾನದ ಪ್ರಸ್ತಾವನೆಗೆ ಈ ಪದ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ. ಅದನ್ನು ತೆಗೆಯಬೇಕೆಂದು ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ವಜಾ ಮಾಡಿತು. ಪದ ತಡವಾಗಿ ಬಂದರೂ ವ್ಯವಸ್ಥೆ ಮೊದಲಿನಿಂದಲೇ ಇತ್ತು. 25ರಿಂದ 28ರವರೆಗಿನ ವಿಧಿಗಳಲ್ಲಿ ಅದು ಇದೆ. ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಎಲ್ಲರಿಗೂ. ಆದರೆ ಧರ್ಮದ ಜೊತೆ ಅಂಟಿಕೊಂಡ ಹಣಕಾಸು, ಆಸ್ತಿ, ರಾಜಕೀಯದಂಥ ಲೌಕಿಕ ವ್ಯವಹಾರಕ್ಕೆ ಸರ್ಕಾರ ಕಾನೂನು ಮಾಡಬಹುದು. ಹಿಂದೂ ದೇವಸ್ಥಾನಗಳ ಬಾಗಿಲನ್ನು ಎಲ್ಲ ವರ್ಗದವರಿಗೂ ತೆರೆಸಬಹುದು. ಒಂದು ಧರ್ಮವನ್ನು ಬೆಳೆಸಲು ತೆರಿಗೆ ಎತ್ತಬಾರದು. ಸರ್ಕಾರಿ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಇದರ ಜೊತೆಗೇ 290ಎ ಅಂತ ಒಂದು ವಿಧಿ ಕೂತಿದೆ. ತಿರುವಾಂಕೂರು ದೇವಸ್ವಂ ನಿಧಿಗೆ ಕೇರಳ ಸರ್ಕಾರ ವರ್ಷಕ್ಕೆ 46.5 ಲಕ್ಷ ರೂಪಾಯಿ ಕೊಡಬೇಕು ಅಂತ ಸಂವಿಧಾನವೇ ಹೇಳುತ್ತದೆ. ಅಂದರೆ ಗೋಡೆ ಕಟ್ಟಿದವರೇ ಅದರಲ್ಲಿ ಒಂದು ಕಿಟಕಿಯನ್ನೂ ಇಟ್ಟರು. ನಮ್ಮ ಮಾದರಿ ಫ್ರಾನ್ಸಿನದೂ ಅಲ್ಲ, ಅಮೆರಿಕದ್ದೂ ಅಲ್ಲ.

ಈ ಕಾನೂನಿನ ದೊಡ್ಡ ಭಾಗ ಬೆಳೆದಿದ್ದು ನಮ್ಮ ಸುತ್ತಮುತ್ತಲಿನ ತಕರಾರುಗಳಿಂದಲೇ. 1954ರ ಶಿರೂರು ಮಠದ ಪ್ರಕರಣ ಉಡುಪಿಯದು. ಧರ್ಮದ ಮುಖ್ಯ ಭಾಗ ಯಾವುದು ಎಂಬುದನ್ನು ಆ ಧರ್ಮದ ತತ್ವದಿಂದಲೇ ತಿಳಿಯಬೇಕು ಎಂಬ ಮಾತು ಅಲ್ಲಿಂದ ಬಂತು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ 1957ರದು. ದಲಿತರ ಪ್ರವೇಶದ ಹಕ್ಕು ಪಂಗಡದ ಹಕ್ಕಿಗಿಂತ ಮೇಲು ಎಂದಿತು ಕೋರ್ಟು. ಸಂವಿಧಾನದ ಮೂಲ ರಚನೆಯನ್ನು ಬದಲಿಸಲಾಗದು ಎಂದ 1973ರ ಪ್ರಕರಣದ ಕೇಶವಾನಂದ ಭಾರತಿ ಅವರ ಎಡನೀರು ಮಠ ಕಾಸರಗೋಡಿನದು, ನಮ್ಮ ಜಿಲ್ಲೆಯ ಗಡಿಯಾಚೆಗೆ. 1994ರ ಬೊಮ್ಮಾಯಿ ತೀರ್ಪಿನಲ್ಲಿ ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಎಂದು ಗಟ್ಟಿಯಾಯಿತು. ಆ ಎಸ್.ಆರ್. ಬೊಮ್ಮಾಯಿ ನಮ್ಮದೇ ಮುಖ್ಯಮಂತ್ರಿ ಆಗಿದ್ದವರು. ಜಾತ್ಯತೀತತೆ ಹೊರಗಿನಿಂದ ಬಂದ ಸರಕು ಅನ್ನುವವರಿಗೆ ಈ ಪಟ್ಟಿ ತೋರಿಸಬೇಕು ಅಂತ ನನಗೆ ಆಗಾಗ ಅನಿಸುತ್ತದೆ.

ಮಡಿಕೇರಿ ಕೋಟೆಗೆ ಒಂದು ಸಲ ಹೋಗಿ ನೋಡಿ. ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನದಾಗಿ ಮಾಡಿ ಊರಿಗೆ ಜಾಫರಾಬಾದ್ ಅಂತ ಹೆಸರಿಟ್ಟ. ಲಿಂಗರಾಜೇಂದ್ರ ಅರಮನೆ ಕಟ್ಟಿಸಿದ. ಒಳಗೆ ಕೋಟೆ ಗಣಪತಿ ಇದ್ದಾನೆ. ಬ್ರಿಟಿಷರು 1859ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅರಮನೆಯಲ್ಲಿ ವರ್ಷಗಟ್ಟಲೆ ಸರ್ಕಾರಿ ಕಚೇರಿ ನಡೆಯಿತು. ಕೆಳಗೆ ಬಂದರೆ 1820ರ ಓಂಕಾರೇಶ್ವರ. ಶಿವನ ಗುಡಿ, ಆದರೆ ಗುಮ್ಮಟ ನೋಡಿದರೆ ದರ್ಗಾ ನೆನಪಾಗುತ್ತದೆ. ಹಾಲೇರಿ ರಾಜರು ಲಿಂಗಾಯತರು, ಆಳಿದ್ದು ಬೇರೆ ಬೇರೆ ದೈವದ ಜನರನ್ನು. ಟಿಪ್ಪುವಿನ ಹಿಡಿತದಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲ ಕೊಟ್ಟ. 1792ರಲ್ಲಿ ಅಲ್ಲಿ ಸೇಂಟ್ ಆ್ಯನ್ಸ್ ಚರ್ಚು ಎದ್ದಿತು. ಇದನ್ನು ಸೌಹಾರ್ದದ ಕಥೆ ಮಾಡಿ ಹೇಳುವ ಚಾಳಿ ನಮಗಿದೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ರಾಜರಿಗೆ ಜನ ಬೇಕಿತ್ತು, ಪೇಟೆ ಬೇಕಿತ್ತು. ಅವರು ಕೊಟ್ಟಿದ್ದು ನೆಲ, ನಿಯಮ ಅಲ್ಲ. ಇಗರ್ಜಿಯೊಳಗೆ ಹೇಗೆ ನಿಲ್ಲಬೇಕು ಅಂತ ರಾಜ ಹೇಳಿಕೊಡಲಿಲ್ಲ.

ಊರಿನ ದೇವಸ್ಥಾನಗಳ ಒಳಗಿನ ನಿಯಮ ನೋಡಿಕೊಳ್ಳುತ್ತಿದ್ದವರು ತಕ್ಕರು, ಅಂದರೆ ವಂಶಪಾರಂಪರ್ಯದ ಮುಖ್ಯಸ್ಥರು. ಊರ್ ತಕ್ಕ, ನಾಡ್ ತಕ್ಕ, ದೇವ ತಕ್ಕ. ಯಾವ ಮನೆತನದವರು ಹಬ್ಬಕ್ಕೆ ಕಟ್ಟು ಹಾಕಬೇಕು, ಯಾರು ಅಕ್ಕಿ ತರಬೇಕು, ಯಾರು ದುಡಿ ಬಾರಿಸಬೇಕು, ಯಾರ ಮೇಲೆ ತೆರೆ (ದೈವದ ಆವೇಶ) ಬರಬೇಕು, ಎಲ್ಲಕ್ಕೂ ಒಂದು ಲೆಕ್ಕ ಇತ್ತು. ಸುಗ್ಗಿಯ ಹಬ್ಬವಾದ ಪುತ್ತರಿಯ ದಿನ ಮತ್ತು ಗಳಿಗೆ ಇವತ್ತಿಗೂ ನಿಗದಿಯಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ, ವಿಧಾನಸೌಧದಲ್ಲಿ ಅಲ್ಲ. ಈ ಹಳೆಯ ವ್ಯವಸ್ಥೆಯಲ್ಲಿ ಎಲ್ಲರಿಗೂ ಪಾಲಿತ್ತು, ಆದರೆ ಸಮಪಾಲು ಇರಲಿಲ್ಲ. ಕೆಲವರಿಗೆ ಗುಡಿಯ ಅಂಗಳ, ಕೆಲವರಿಗೆ ಗದ್ದೆಯ ಬದು. ಅದನ್ನು ಮರೆತು ಹಿಂದಿನದೆಲ್ಲ ಚೆನ್ನಾಗಿತ್ತು ಅನ್ನಲಾಗದು.

ಈ ತಕ್ಕರ ಜಾಗಕ್ಕೆ ನಿಧಾನವಾಗಿ ಎರಡು ವಸ್ತು ಬಂದು ಕೂತವು. ಒಂದು ಮುಜರಾಯಿ, ಇನ್ನೊಂದು ಬೈಲಾ.

ಮುಜರಾಯಿ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ರಾಜ್ಯದಲ್ಲಿ ಇಲಾಖೆಗೆ ಸೇರಿದ ದೇವಸ್ಥಾನಗಳು 34 ಸಾವಿರಕ್ಕೂ ಹೆಚ್ಚು. ವರ್ಷಕ್ಕೆ 25 ಲಕ್ಷ ಮೀರಿ ಆದಾಯ ಇರುವವು ಎ ವರ್ಗ, 5ರಿಂದ 25 ಲಕ್ಷದವು ಬಿ. ಎರಡೂ ಸೇರಿದರೂ ಕೆಲವು ನೂರು ಅಷ್ಟೇ. ಉಳಿದವೆಲ್ಲ ಸಿ ವರ್ಗ, ಅಂದರೆ ದೀಪದ ಎಣ್ಣೆಗೂ ಲೆಕ್ಕ ಹಾಕುವ ಗುಡಿಗಳು. ಅವುಗಳಿಗೆ ಸರ್ಕಾರ ಕೊಡುವ ತಸ್ತೀಕು ಭಿಕ್ಷೆ ಅಲ್ಲ. ಇನಾಂ ರದ್ದತಿಯಲ್ಲಿ ದೇವಸ್ಥಾನಗಳು ಕಳೆದುಕೊಂಡ ಜಮೀನಿಗೆ ಬದಲಾಗಿ ಬರುವ ಹಣ ಅದು. 1997ರ ಧಾರ್ಮಿಕ ದತ್ತಿ ಕಾಯ್ದೆ ಜಾರಿಗೆ ಬಂದಿದ್ದು 2003ರಲ್ಲಿ. 2006ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರಲ್ಲಿ ಇನ್ನೊಂದು ತಿದ್ದುಪಡಿ ಮಸೂದೆ ಬಂತು. 10 ಲಕ್ಷದಿಂದ 1 ಕೋಟಿವರೆಗೆ ಆದಾಯ ಇದ್ದರೆ ಶೇ 5, 1 ಕೋಟಿ ಮೀರಿದರೆ ಶೇ 10 ಸಾಮಾನ್ಯ ನಿಧಿಗೆ. ದೇವರ ದುಡ್ಡು ಬೇರೆ ಧರ್ಮಕ್ಕೆ ಹೋಗುತ್ತದೆ ಅಂತ ಗದ್ದಲವೆದ್ದಿತು. ಆ ನಿಧಿ ಇರುವುದು ಸಿ ವರ್ಗದ ಗುಡಿಗಳಿಗೆ, ಅರ್ಚಕರ ಕಲ್ಯಾಣಕ್ಕೆ. ಗದ್ದಲ ಮಾಡಿದವರಲ್ಲಿ ಎಷ್ಟು ಜನ ತಮ್ಮೂರಿನ ಸಿ ವರ್ಗದ ಗುಡಿಗೆ ಹಂಚು ಹಾಕಿಸಿದ್ದಾರೆ, ಗೊತ್ತಿಲ್ಲ.

ಹಾಗಂತ ಇನ್ನೊಂದು ಪ್ರಶ್ನೆ ಸುಳ್ಳಲ್ಲ. ಸರ್ಕಾರ ದೇವಸ್ಥಾನದ ಲೆಕ್ಕ ನೋಡುತ್ತದೆ, ಸಮಿತಿ ನೇಮಿಸುತ್ತದೆ. ಚರ್ಚಿನ ಸಮಿತಿಯನ್ನು ನೇಮಿಸುವುದಿಲ್ಲ. ವಕ್ಫ್‌ಗೆ ಬೇರೆ ಕಾನೂನು, ಬೇರೆ ಮಂಡಳಿ. ಇದಕ್ಕೆ ಚರಿತ್ರೆಯ ಕಾರಣ ಇದೆ. ದೇವಸ್ಥಾನ ರಾಜನ ಜೊತೆ, ರಾಜನ ಭೂಮಿಯ ಜೊತೆ ಕಟ್ಟಿಕೊಂಡಿತ್ತು. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿದ ಬ್ರಿಟಿಷರಿಗೆ ಖಜಾನೆಯ ಜೊತೆ ಗುಡಿಗಳ ಉಸಾಬರಿಯೂ ಬಂತು. 1956ರಲ್ಲಿ ಕೊಡಗು ಮೈಸೂರಿಗೆ ಸೇರಿದಾಗ ಅದು ಮುಂದಿನ ಸರ್ಕಾರಕ್ಕೆ ಹೋಯಿತು. ಕಾರಣ ಇದೆ ಅಂದ ಮಾತ್ರಕ್ಕೆ ಸಮ ಎನಿಸುವುದಿಲ್ಲ. ಸಮಭಾವ ಎಂದು ಹೇಳುವ ಸರ್ಕಾರ ಈ ಪ್ರಶ್ನೆಗೆ ಉತ್ತರ ಕೊಡಬೇಕು. ಪ್ರಶ್ನೆ ಕೇಳಿದವರನ್ನೆಲ್ಲ ಕೋಮುವಾದಿ ಅಂದು ಸುಮ್ನೆ ಕೂರಿಸುವುದು ಉತ್ತರ ಅಲ್ಲ.

ಈಗ ಬೈಲಾ. ಕಟ್ಟೆಮಾಡಿನ ವಿಷಯಕ್ಕೆ ನಾನು ವಾಪಸ್ ಬರುವುದು ಇದಕ್ಕಾಗಿಯೇ.

ಕುಪ್ಯ ಅಂದರೆ ಮೊಣಕಾಲಿನವರೆಗಿನ ಉದ್ದ ಅಂಗಿ. ಅದರ ಮೇಲೆ ಸೊಂಟಕ್ಕೆ ಕಟ್ಟುವ ಕೆಂಪು ರೇಷ್ಮೆಯ ಚೇಲೆ. ಅದಕ್ಕೆ ಸಿಕ್ಕಿಸುವ ಪೀಚೆಕತ್ತಿ. ಮದುವೆಗೆ, ಹಬ್ಬಕ್ಕೆ, ಸಾವಿಗೆ ಇದೇ ಉಡುಪು. ಕೊಡವರಿಗೆ ಇದು ಗುರುಕಾರೋಣರ, ಅಂದರೆ ಪೂರ್ವಜರ ಜೊತೆ ಮಾತಾಡುವ ಬಟ್ಟೆ. ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ದೇವಸ್ಥಾನ ಊರಿನದು, ಹಲವು ಜನಾಂಗದವರದು. ಒಂದು ಜನಾಂಗದ ಗುರುತಿನ ಉಡುಪು ಒಳಗೆ ಬಂದರೆ ಗುಡಿ ಅವರದೇ ಎಂದಾಗುತ್ತದೆ, ಎಲ್ಲರಿಗೂ ಒಂದೇ ನಿಯಮ ಇರಲಿ. ಎರಡೂ ಕಡೆ ಒಂದು ಅಳುಕಿದೆ. ಒಬ್ಬರಿಗೆ ತಾವು ತಮ್ಮದೇ ನೆಲದಲ್ಲಿ ಕರಗಿ ಹೋಗುತ್ತಿದ್ದೇವೆ ಎಂದು. ಇನ್ನೊಬ್ಬರಿಗೆ ತಲೆಮಾರುಗಳಿಂದ ಇಲ್ಲೇ ಇದ್ದರೂ ಎರಡನೆಯವರಾಗಿಯೇ ಉಳಿದೆವು ಎಂದು. ಬಟ್ಟೆ ನೆಪ ಅಂತ ನಾನು ಹೇಳುವುದಿಲ್ಲ, ಬಟ್ಟೆ ಮುಖ್ಯವೇ. ಆದರೆ ಜಗಳ ಬಟ್ಟೆಯೊಳಗೆ ಮುಗಿಯುವುದಿಲ್ಲ.

ಕೋರ್ಟಿನ ಹಳೆಯ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂಬುದು ನನ್ನ ಅನುಮಾನ. ಧರ್ಮದ ಅತ್ಯಗತ್ಯ ಆಚರಣೆ ಹೌದೋ ಅಲ್ಲವೋ ಅಂತ ಕೇಳುವ ಗೋಲು ಅದು. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ಹಿಜಾಬ್ ಅತ್ಯಗತ್ಯ ಅಲ್ಲ ಎಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ಹೋದರು. ಕುಪ್ಯಕ್ಕೆ ಇದೇ ಗೋಲು ಹಿಡಿದರೆ? ಕೊಡವರಿಗೆ ಇಂಥ ಬಟ್ಟೆ ತೊಡು ಎಂದು ಹೇಳುವ ಗ್ರಂಥವೇ ಇಲ್ಲ. ಮದುವೆಗೆ ಪುರೋಹಿತರೂ ಬೇಡ, ಹಿರಿಯರು ಅಕ್ಕಿ ಹಾಕಿ ಹರಸಿದರೆ ಆಯಿತು. ಇಲ್ಲಿ ಪದ್ಧತಿಯೇ ಧರ್ಮ. ಗ್ರಂಥ ಹುಡುಕುವ ಕೋರ್ಟಿಗೆ ಪದ್ಧತಿಯ ಜನ ಯಾವಾಗಲೂ ಬಡವರಂತೆ ಕಾಣುತ್ತಾರೆ. ಕುಪ್ಯದ ಬದಲು ಬಿಳಿ ಪಂಚೆ ಇರಲಿ ಎಂದು ನಿಂತವರ ಕೈಯಲ್ಲೂ ಗ್ರಂಥ ಇಲ್ಲ ಎಂಬುದು ಬೇರೆ ಮಾತು.

ಇನ್ನು 26ನೇ ವಿಧಿ. ತಮ್ಮ ಧಾರ್ಮಿಕ ವಿಷಯವನ್ನು ತಾವೇ ನೋಡಿಕೊಳ್ಳುವ ಹಕ್ಕನ್ನು ಅದು ಪಂಗಡಗಳಿಗೆ ಕೊಡುತ್ತದೆ. ಪಂಗಡ ಅಂದರೆ ಒಂದು ನಂಬಿಕೆ, ಒಂದು ಸಂಘಟನೆ, ಒಂದು ಹೆಸರು ಇರುವ ಗುಂಪು. ಹತ್ತು ಜನಾಂಗ ಕೈಮುಗಿಯುವ ಊರಿನ ಗುಡಿ ನನ್ನ ಓದಿನಲ್ಲಿ ಪಂಗಡ ಆಗುವುದಿಲ್ಲ. ಹಾಗಾದರೆ ಅದರ ಬೈಲಾ ಬರೆಯುವ ಹಕ್ಕು ಯಾರದು? ಸಮಿತಿಯದು ಅನ್ನಬಹುದು. ಸಮಿತಿ ಆಗುವುದು ಹೇಗೆ ಅಂತ ಹಳ್ಳಿಯಲ್ಲಿದ್ದವರಿಗೆ ಗೊತ್ತು. ಜೀರ್ಣೋದ್ಧಾರಕ್ಕೆ ಓಡಾಡಿದವರು, ಚಂದಾ ಎತ್ತಿದವರು, ಪೇಟೆಯಲ್ಲಿ ವಕೀಲರ ಪರಿಚಯ ಇದ್ದವರು. ಬೇರೆ ಯಾವುದೋ ಊರಿನ ಗುಡಿಯ ಬೈಲಾದ ನಕಲು ತಂದು ಹೆಸರು ಬದಲಿಸಿ ನೋಂದಣಿ ಮಾಡಿಸುತ್ತಾರೆ. ಹೆಚ್ಚಿನವರು ಅದನ್ನು ಓದುವುದು ಜಗಳವಾದ ಮೇಲೆ. ಬಾಯಿಮಾತಿನ ಪದ್ಧತಿಗೆ ಬಾಗುವ ಗುಣ ಇತ್ತು. ನೋಂದಣಿಯಾದ ಸಾಲಿಗೆ ಅದು ಇಲ್ಲ.

ನಿಷೇಧಾಜ್ಞೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಲ್ಲು ಬೀಳುವ ಮೊದಲು ಜನರನ್ನು ಚದುರಿಸುವುದು ಸರ್ಕಾರದ ಮೊದಲ ಕೆಲಸ. ಆದರೆ ಮೊದಲು 144 ಎಂದು ಕರೆಯುತ್ತಿದ್ದ, ಈಗ 163 ಆಗಿರುವ ಆ ಸೆಕ್ಷನ್ನಿನ ಆಯಸ್ಸು ಸಾಮಾನ್ಯವಾಗಿ ಎರಡು ತಿಂಗಳು. ಪದ್ಧತಿಯ ಆಯಸ್ಸು ಇನ್ನೂರು ವರ್ಷ. ಎರಡು ತಿಂಗಳ ಗುಳಿಗೆ ಕೊಟ್ಟು ಕಾಯಿಲೆ ವಾಸಿಯಾಯಿತು ಅಂದುಕೊಂಡರೆ ಹೇಗೆ? 2025ರ ಫೆಬ್ರವರಿಯಲ್ಲಿ ಕುಟ್ಟದಿಂದ ಮಡಿಕೇರಿವರೆಗೆ ಕೊಡವಾಮೆ ಬಾಳೊ (ಕೊಡವತನ ಬಾಳಲಿ) ಅಂತ ದಿನಗಟ್ಟಲೆ ಪಾದಯಾತ್ರೆ ನಡೆಯಿತು. ಕುಪ್ಯ-ಚೇಲೆ ತೊಟ್ಟವರು ರಸ್ತೆ ತುಂಬಾ ನಡೆದರು. ಒಂದು ಗುಡಿಯ ಬಾಗಿಲ ವಿಷಯ ಇಡೀ ಜಿಲ್ಲೆಯ ವಿಷಯವಾಯಿತು. ಎಲ್ಲರನ್ನೂ ಮನೆಗೆ ಕಳಿಸುವುದೇ ತಟಸ್ಥತೆ ಎಂದು ಆಡಳಿತ ನಂಬಿದರೆ, ಜನ ಇನ್ನೂ ದೊಡ್ಡ ಗುಂಪಾಗಿ ಹೊರಗೆ ಬರುತ್ತಾರೆ.

ಯಜಮಾನ ಆಗಲು ಹೋದ ಕಥೆ ಟಿಪ್ಪು ಜಯಂತಿಯದು. 2015ರಲ್ಲಿ ರಾಜ್ಯ ಸರ್ಕಾರ ನವೆಂಬರ್ 10ಕ್ಕೆ ಜಯಂತಿ ಶುರು ಮಾಡಿತು. ಮೊದಲ ವರ್ಷವೇ ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. ಆಮೇಲಿನ ವರ್ಷಗಳಲ್ಲಿ ನವೆಂಬರ್ ಬಂದರೆ ಅಂಗಡಿ ಬಾಗಿಲು, ಪೊಲೀಸ್ ವ್ಯಾನು, ಒಳಗೆ ಒಂದು ಸಭಾಂಗಣದಲ್ಲಿ ಬೆರಳೆಣಿಕೆಯ ಜನರ ಕಾರ್ಯಕ್ರಮ. 2019ರ ಜುಲೈನಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಅದು ರದ್ದಾಯಿತು. ರದ್ದು ಮಾಡಿಸಲು ಪತ್ರ ಬರೆದವರು ವಿರಾಜಪೇಟೆಯ ಶಾಸಕರು.

ಇಲ್ಲಿ ಇತಿಹಾಸದ ತೀರ್ಪು ಕೊಡಲು ನಾನು ಹೋಗುವುದಿಲ್ಲ. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಕೊಳ್ಳೆ ಹೊಡೆದಾಗ ಮಠಕ್ಕೆ ನೆರವು ಕಳಿಸಿದವನು ಟಿಪ್ಪು. ಕೊಡಗಿನ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದವನೂ ಅವನೇ. ಕೊಡವರ ಹತ್ಯೆ ನಡೆಯಿತು ಎನ್ನುವ ದೇವಟ್ಟಿಪರಂಬಿನ ನೆನಪು ಇಲ್ಲಿನ ಮನೆಗಳಲ್ಲಿ ಇನ್ನೂ ಇದೆ. ಒಬ್ಬ ರಾಜನ ಬಗ್ಗೆ ಎರಡು ಊರಿಗೆ ಎರಡು ನೆನಪಿರುವುದು ವಿಚಿತ್ರವೇನೂ ಅಲ್ಲ. ಚರಿತ್ರೆಯ ಪಾಠದಲ್ಲಿ ಎರಡನ್ನೂ ಹೇಳಬಹುದು. ಜಯಂತಿಯಲ್ಲಿ ಆಗುವುದಿಲ್ಲ, ಯಾಕೆಂದರೆ ಜಯಂತಿ ಅಂದರೆ ಹಾರ ಹಾಕುವುದು. ಸರ್ಕಾರ ಹಾರ ಹಿಡಿದು ನಿಂತಾಗ ಜಿಲ್ಲೆಯ ಒಂದು ದೊಡ್ಡ ಭಾಗಕ್ಕೆ ಅದು ಗಾಯಕ್ಕೆ ಉಪ್ಪು. ಹಾರ ಕಿತ್ತುಕೊಂಡಾಗ ಇಲ್ಲಿನ ಮುಸ್ಲಿಮರಿಗೆ ಬೇರೊಂದು ಅರ್ಥದ ಗಾಯ. ಟಿಪ್ಪುವಿಗೂ ಶುಂಠಿ ಬೆಳೆಯುವ, ಅಂಗಡಿ ಇಟ್ಟ, ಬಸ್ಸು ಓಡಿಸುವ ಆ ಜನರಿಗೂ ಏನು ಸಂಬಂಧ? ಸರ್ಕಾರವೇ ಸಂಬಂಧ ಕಲ್ಪಿಸಿತು, ಸರ್ಕಾರವೇ ಕಡಿಯಿತು. ಕೊಡಗಿನ ಮುಸ್ಲಿಮರಾದ ಕೊಡವ ಮಾಪಿಳ್ಳೆಗಳಿಗೆ ಇವತ್ತಿಗೂ ಕೊಡವ ಮನೆಹೆಸರಿದೆ. ಅವರನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತೀರಿ?

ದಸರಾ ಇದಕ್ಕಿಂತ ಸುಲಭದ ಉದಾಹರಣೆ ಅಂದುಕೊಂಡಿದ್ದೆ. 2025ರಲ್ಲಿ ಅದೂ ಕೋರ್ಟು ಹತ್ತಿತು. ಮೈಸೂರು ದಸರಾ ಉದ್ಘಾಟನೆಗೆ ಬಾನು ಮುಷ್ತಾಕ್ ಅವರನ್ನು ಕರೆದದ್ದು ತಪ್ಪು ಎಂದು ಅರ್ಜಿ ಹೋಯಿತು. ಹೈಕೋರ್ಟ್ ವಜಾ ಮಾಡಿತು, ನಾಲ್ಕೇ ದಿನದಲ್ಲಿ ಸುಪ್ರೀಂ ಕೋರ್ಟೂ ವಜಾ ಮಾಡಿತು. 2017ರಲ್ಲಿ ನಿಸಾರ್ ಅಹಮದ್ ಉದ್ಘಾಟಿಸಿದಾಗ ಇಷ್ಟು ಗದ್ದಲ ಇರಲಿಲ್ಲ. ತರ್ಕ ಸರಳ. ಸರ್ಕಾರ ದುಡ್ಡು ಹಾಕಿ ನಾಡಹಬ್ಬ ಅಂತ ಕರೆದ ಮೇಲೆ ಅದು ನಾಡಿನ ಎಲ್ಲರದು. ನಮ್ಮ ಧರ್ಮದ್ದು ಮಾತ್ರ ಅನ್ನುವುದಾದರೆ ನಾಡಿನ ದುಡ್ಡು ಕೇಳಬಾರದು. ಮಡಿಕೇರಿ ದಸರಾಕ್ಕೂ ಇದೇ ಮಾತು. ನಾಲ್ಕು ಶಕ್ತಿದೇವತೆಗಳ ಕರಗ ಹೊರಡುವುದು ಗುಡಿಯ ವಿಷಯ, ಅದಕ್ಕೆ ವ್ರತ ಇದೆ, ಕಟ್ಟಳೆ ಇದೆ, ಸರ್ಕಾರ ತಲೆ ಹಾಕಬಾರದು. ಗಾಂಧಿ ಮೈದಾನದ ವೇದಿಕೆ ಸರ್ಕಾರದ ಅನುದಾನದ ವಿಷಯ. ಅಲ್ಲಿ ಯಾರು ಹಾಡಬೇಕು, ಯಾರು ಕವಿತೆ ಓದಬೇಕು ಅಂತ ಜಾತಿ ನೋಡಬಾರದು.

ವಿಜಯದಶಮಿ ರಾತ್ರಿಯ ದಶಮಂಟಪ, ಅಂದರೆ ಹತ್ತು ಗುಡಿಗಳ ಮಂಟಪಗಳ ಮೆರವಣಿಗೆ ಮಾತ್ರ ಎರಡರ ನಡುವೆ ನಿಂತಿದೆ. ರಾಕ್ಷಸರು ಹೊಗೆ ಬಿಟ್ಟು ಬೀಳುವಾಗ, ದೇವಿ ಟ್ರ್ಯಾಕ್ಟರ್ ಮೇಲಿಂದ ತ್ರಿಶೂಲ ಎತ್ತುವಾಗ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಬೆಳಗಿನ ಜಾವದವರೆಗೆ ಸ್ಪೀಕರ್ ಗುಡುಗುತ್ತದೆ. ಶಬ್ದದ ನಿಯಮ ಹೇಳುವುದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ ಅಂತ. ಹಬ್ಬಕ್ಕೆ ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ರಿಯಾಯಿತಿ ಕೊಡಬಹುದು. ಬೆಳಗಿನ ಜಾವಕ್ಕೆ ಕೊಡುವ ಅವಕಾಶ ನಿಯಮದಲ್ಲಿಲ್ಲ. 2022ರ ಮೇನಲ್ಲಿ ಮಸೀದಿಯ ಬೆಳಗಿನ ಬಾಂಗ್ ಬಗ್ಗೆ ಗಲಾಟೆಯಾದಾಗ ಸರ್ಕಾರ ಇದೇ ನಿಯಮದ ಸುತ್ತೋಲೆ ಹೊರಡಿಸಿತು. ವರ್ಷಕ್ಕೊಂದು ರಾತ್ರಿ ಮಂಟಪ ನೋಡಲು ನನಗೂ ಇಷ್ಟವೇ. ಆದರೆ ನನ್ನ ಇಷ್ಟಕ್ಕೆ ಕಿವಿ ಮುಚ್ಚಿಕೊಳ್ಳುವ ಅಧಿಕಾರಿ, ಪಕ್ಕದವನ ಇಷ್ಟಕ್ಕೆ ಡೆಸಿಬೆಲ್ ಮೀಟರ್ ತೆಗೆದರೆ ಅದನ್ನು ಸಮಭಾವ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಇಷ್ಟೆಲ್ಲ ಸದ್ದಿನ ನಡುವೆ ಸದ್ದಿಲ್ಲದೆ ಹೋದದ್ದು ದೇವರಕಾಡು. ಕೊಡಗಿನಲ್ಲಿ 1,214 ದೇವರಕಾಡುಗಳ ಲೆಕ್ಕ ಇದೆ. ಹೆಚ್ಚುಕಡಿಮೆ ಪ್ರತಿ ಊರಿಗೂ ಒಂದು, ಕೆಲವು ಊರಿಗೆ ಹಲವು. ಕೊಡಲಿ ಹಾಕಬಾರದು, ಸೌದೆ ಆಯಬಾರದು. ಕಾನೂನಲ್ಲ, ದೇವರ ಭಯ. 1905ರಲ್ಲಿ 6,277 ಹೆಕ್ಟೇರ್ ಇದ್ದದ್ದು 1985ಕ್ಕೆ 2,550 ಹೆಕ್ಟೇರ್ ಆಯಿತು. ಆ ಎಂಬತ್ತು ವರ್ಷ ಅವು ಇದ್ದದ್ದು ಕಂದಾಯ ಇಲಾಖೆಯ ಕೈಯಲ್ಲಿ. ಆಮೇಲೆ ಅರಣ್ಯ ಇಲಾಖೆಗೆ ಹೋದವು. ಕಾಡನ್ನು ತಿಂದದ್ದು ಅನ್ಯಧರ್ಮದವರಲ್ಲ, ಕಾಫಿ ತೋಟದ ಆಸೆ. ಮಣ್ಣಿನ ನಾಯಿ ಹರಕೆ ಒಪ್ಪಿಸುವ ಅಯ್ಯಪ್ಪನ ಕಾಡು ಎಲ್ಲೋ ಕೆಲವು ಮರಗಳಾಗಿ ಉಳಿದು, ಅದರ ನಡುವೆ ಗ್ರಾನೈಟ್ ನೆಲದ ಗುಡಿ ಎದ್ದಿರುವುದನ್ನು ಯಾರು ಬೇಕಾದರೂ ನೋಡಬಹುದು. ಮೊದಲು ಕಾಡೇ ದೇವರಾಗಿತ್ತು, ಈಗ ದೇವರಿಗೆ ಕಾಡು ಅಡ್ಡ. ಧರ್ಮ ಅಪಾಯದಲ್ಲಿದೆ ಅಂತ ಮೆರವಣಿಗೆ ಹೊರಟಾಗ ಈ 3,700 ಹೆಕ್ಟೇರ್ ಬಗ್ಗೆ ಘೋಷಣೆ ಕೂಗಿದ್ದನ್ನು ನಾನು ಕೇಳಿಲ್ಲ.

ಸರ್ಕಾರ ಏನು ಮಾಡಬಹುದಿತ್ತು? ಕಟ್ಟೆಮಾಡಿನಂಥ ಕಡೆ ಒಂದು ಕೆಲಸ ಮಾಡಬಹುದು, ಖರ್ಚಿಲ್ಲದ್ದು. ಊರಿನ ಗುಡಿಯ ಬೈಲಾ ನೋಂದಣಿಗೆ ಬಂದಾಗ ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸುವುದು. ಆ ಗುಡಿಗೆ ತಕ್ಕರು ಯಾರು, ಯಾವ ಮನೆಯವರಿಗೆ ಯಾವ ಪಾಲು, ಯಾವ ಉಡುಪು ನಡೆದುಬಂದಿದೆ ಅಂತ ಎಲ್ಲ ಜನಾಂಗದ ಹಿರಿಯರನ್ನು ಕೇಳಿ ಬರೆದಿಡುವುದು. ಆ ಪಟ್ಟಿಯಲ್ಲಿ ಗದ್ದೆಯ ಬದುವಿನಲ್ಲಿ ನಿಲ್ಲಿಸಿದವರ ಹೆಸರೂ ಇರಬೇಕು. ಹಳೆಯ ಕಟ್ಟಳೆ ಯಾರನ್ನಾದರೂ ಹೊರಗಿಟ್ಟರೆ ಕಟ್ಟಳೆ ಬಾಗಬೇಕು, ಮೂಲ್ಕಿಯ ತೀರ್ಪು ಹೇಳಿದ್ದು ಅದೇ. ಹೊಸ ಬೈಲಾ ಯಾರನ್ನಾದರೂ ಹೊರಗಿಟ್ಟರೆ ಅದೂ ಬಾಗಬೇಕು. ಇದು ಪೂಜೆಯಲ್ಲಿ ಮೂಗು ತೂರಿಸುವುದಲ್ಲ, ಬಾಗಿಲ ಲೆಕ್ಕ.

ಬಾಗಿಲ ಲೆಕ್ಕದ ಇನ್ನೊಂದು ರೂಪ ಈಗ ಜನಗಣತಿಯಾಗಿ ಮನೆಗೇ ಬರುತ್ತಿದೆ. 1955ರ ಹಿಂದೂ ವಿವಾಹ ಕಾಯ್ದೆಗೆ ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರೆಲ್ಲ ಹಿಂದೂಗಳೇ. ಕೊಡವರೂ ಅದರೊಳಗೆ. ಅದೇ ಕಾಯ್ದೆ ಸಪ್ತಪದಿ ಇಲ್ಲದ ಪದ್ಧತಿಯ ಮದುವೆಯನ್ನೂ ಒಪ್ಪುತ್ತದೆ. ಬಂದೂಕಿಗೆ ಲೈಸೆನ್ಸ್ ವಿನಾಯಿತಿ ಕೊಡುವಾಗ ಇದೇ ಸರ್ಕಾರ ಕೊಡವರನ್ನು ಧರ್ಮದಿಂದ ಅಲ್ಲ, ಜನಾಂಗದಿಂದ ಗುರುತಿಸುತ್ತದೆ, ವಂಶಪಾರಂಪರ್ಯದ ಜಮ್ಮಾ ಹಿಡುವಳಿಯವರನ್ನು ಭೂಮಿಯಿಂದ. ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಜನಗಣತಿಯಲ್ಲಿ ಕೊಡವರಿಗೆ ಪ್ರತ್ಯೇಕ ಕೋಡ್ ಬೇಕೆಂದು ಕೊಡವ ನ್ಯಾಷನಲ್ ಕೌನ್ಸಿಲ್ ಕೇಳುತ್ತಾ ಬಂದಿದೆ. ನಾವು ಹಿಂದೂಗಳೇ, ಇದೆಲ್ಲ ಯಾಕೆ ಅನ್ನುವ ಕೊಡವರೂ ಬೇಕಾದಷ್ಟಿದ್ದಾರೆ. ಒಂದೇ ಒಕ್ಕದೊಳಗೆ, ಅಂದರೆ ಒಂದೇ ಮನೆತನದೊಳಗೆ ಎರಡೂ ಮಾತು ಕೇಳುತ್ತದೆ.

2011ರ ಜನಗಣತಿ ಫಾರ್ಮಿನಲ್ಲಿ ಆರು ಧರ್ಮಗಳಿಗೆ ನಂಬರ್ ಇತ್ತು. ಬೇರೆ ಏನಾದರೂ ಹೇಳಿದರೆ ನಂಬರ್ ಹಾಕದೆ ಹೆಸರನ್ನು ಪೂರ್ತಿ ಬರೆಯಬೇಕಿತ್ತು, ಹೇಳಿದ್ದನ್ನು ಹೇಳಿದ ಹಾಗೆ. ಮುಂದಿನ ಎಣಿಕೆ 2027ರ ಫೆಬ್ರವರಿಯಲ್ಲಿ. ಕಾಫಿ ಕೊಯ್ಲಿನ ಹೊತ್ತು. ಬಹುಶಃ ಪಕ್ಕದೂರಿನ ಶಾಲೆಯ ಟೀಚರೇ ಮನೆತನದ ಮೂಲಮನೆಯಾದ ಐನ್‌ಮನೆಯ ಮೆಟ್ಟಿಲು ಹತ್ತಿ ಬರುತ್ತಾರೆ. ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಕಾರೋಣರ ದೀಪ ಉರಿಯುತ್ತಿರುತ್ತದೆ. ಅಜ್ಜ ಒಂದು ಹೇಳುತ್ತಾರೆ, ಬೆಂಗಳೂರಿನಿಂದ ಬಂದ ಮೊಮ್ಮಗಳು ಇನ್ನೊಂದು ಹೇಳುತ್ತಾಳೆ. ಟೀಚರ್ ಕಾಫಿ ಕುಡಿಯುತ್ತಾ, ಮನೆಯವರು ಒಂದು ಮಾತಿಗೆ ಬರುವವರೆಗೆ ಕಾಯಬೇಕು.